ರದ್ದಿ, ರಟ್ಟು, ಅಡಿಕೆ ಹಾಳೆ: ಪುಟ್ಟ ಮಕ್ಕಳ ಕೈಕೆಲಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ನಾವು ವಾರದ ಕೊನೆಗೆ ಎರಡರಿಂದ ಎಂಟು ವರ್ಷದ ಮಕ್ಕಳ ಜೊತೆ ನೆಲದ ಮೇಲೆ ಕೂತು, ಮನೆಯಲ್ಲಿ ಬಿಸಾಡುವ ಸಾಮಾನಿನಲ್ಲಿ ಚಿತ್ರ, ಗಾಡಿ, ಮನೆ, ತೇರು ಮಾಡುತ್ತೇವೆ. ಬೇಲೂರು, ಸಕಲೇಶಪುರ, ಮೂಡಿಗೆರೆ ಕಡೆಯಿಂದ ತಂದೆತಾಯಂದಿರು, ಅಂಗನವಾಡಿ ಕಾರ್ಯಕರ್ತೆಯರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವಕ್ಕೆ ನಾವು ಹೇಳುವ ಉತ್ತರಗಳು ಇಲ್ಲಿವೆ.

ಎಷ್ಟನೇ ವಯಸ್ಸಿಗೆ ಶುರು ಮಾಡಬಹುದು?

ಮಗು ಕೂತು ಎರಡೂ ಕೈಯಲ್ಲಿ ಏನಾದರೂ ಹಿಡಿಯಲು ಕಲಿತರೆ ಸಾಕು. ಒಂದೂವರೆ ವರ್ಷದ ಮಗುವಿಗೆ ಹಳೇ ಪೇಪರ್ ಪರಪರ ಹರಿಯುವುದೇ ದೊಡ್ಡ ಕೆಲಸ. ಡಬ್ಬದೊಳಗೆ ಡಬ್ಬ ಇಡುವುದು, ದೊಡ್ಡ ಡಬ್ಬದ ಮುಚ್ಚಳ ತೆಗೆದು ಹಾಕುವುದು, ರಟ್ಟಿನ ಪೆಟ್ಟಿಗೆಯೊಳಗೆ ತಾನೇ ಹೋಗಿ ಕೂರುವುದು ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಮೂರು ತುಂಬಿದ ಮೇಲೆ ಅಂಟಿಸುತ್ತಾರೆ, ಅಚ್ಚು ಒತ್ತುತ್ತಾರೆ, ಒಂದರ ಮೇಲೊಂದು ಪೇರಿಸುತ್ತಾರೆ. ಐದಾರು ವರ್ಷಕ್ಕೆ ಬರುವ ಹೊತ್ತಿಗೆ "ನಾನಿವತ್ತು ಜೆಸಿಬಿ ಮಾಡ್ತೀನಿ" ಎಂದು ಮೊದಲೇ ಹೇಳಿ ಕೂರುತ್ತಾರೆ. ದಾರ ಕಟ್ಟುವ, ತೂತು ಹೊಡೆಯುವ ಕೆಲಸ ಆಮೇಲಿನದು.

ಯಾವ್ಯಾವ ಸಾಮಾನು ಕೂಡಿಡಬೇಕು?

ಮೊದಲು ರಟ್ಟು. ಕಿರಾಣಿ ಅಂಗಡಿಯ ಬಿಸ್ಕೆಟ್ ಪೆಟ್ಟಿಗೆ, ಚಪ್ಪಲಿ ಡಬ್ಬ, ಸ್ವೀಟ್ ಬಾಕ್ಸ್, ಸೀರೆ ಡಬ್ಬ ಯಾವುದಾದರೂ ಸರಿ. ಆಮೇಲೆ ಲಗ್ನಪತ್ರಿಕೆ. ಮದುವೆ ಸೀಸನ್ ಮುಗಿದರೆ ಪ್ರತಿ ಮನೆಯಲ್ಲೂ ಒಂದು ಕಟ್ಟು ಬಿದ್ದಿರುತ್ತದೆ. ಅಷ್ಟು ಗಟ್ಟಿಯಾದ, ಅಷ್ಟು ಬಣ್ಣದ ಕಾಗದವನ್ನು ಸ್ಟೇಷನರಿ ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವ ಅಗತ್ಯವೇ ಇಲ್ಲ. ಟೈಲರ್ ಹತ್ತಿರ ಚಿಂದಿ ಬಟ್ಟೆ ಮತ್ತು ದಾರ ಮುಗಿದ ರೀಲು ಸಿಗುತ್ತವೆ. ಹಾಲಿನ ಪ್ಯಾಕೆಟ್ ಪೂರ್ತಿ ಕತ್ತರಿಸಿ, ತೊಳೆದು, ನೆರಳಲ್ಲಿ ಒಣಗಿಸಿಡಿ.

ತೋಟ ಇದ್ದವರಿಗಂತೂ ಕೊರತೆಯೇ ಇಲ್ಲ. ಸಿಲ್ವರ್ ಓಕ್ ಎಲೆಯ ಮೇಲ್ಭಾಗ ಹಸಿರು, ಕೆಳಭಾಗ ಬೆಳ್ಳಿ ಬಣ್ಣ. ಒಂದೇ ಎಲೆಯನ್ನು ತಿರುವಿ ತಿರುವಿ ಅಂಟಿಸಿದರೆ ಎರಡು ಬಣ್ಣದ ಚಿತ್ರ. ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ ಮೆತ್ತಗಾದ ಮೇಲೆ ಬಾಗಿಸಿ ದಾರದಲ್ಲಿ ಕಟ್ಟಿಡಿ. ಒಣಗಿದ ಮೇಲೆ ಅದೇ ಆಕಾರದಲ್ಲಿ ನಿಲ್ಲುತ್ತದೆ. ದೋಣಿ, ತೊಟ್ಟಿಲು, ಟೋಪಿ ಏನು ಬೇಕಾದರೂ ಆಗಬಹುದು. ತೆಂಗಿನ ಕರಟ, ನಾರು, ಒಣಗಿದ ಕಾಫಿ ಸಿಪ್ಪೆ, ಗೋಣಿಚೀಲದ ಎಳೆ ಇವನ್ನೂ ಬಿಡಬೇಡಿ.

ಹೀಗೆ ಬಿಡಿಬಿಡಿಯಾದ, ಸರಿಸಬಹುದಾದ, ಯಾವುದಕ್ಕೂ ಒಗ್ಗುವ ವಸ್ತುಗಳು ಹೆಚ್ಚಿದ್ದಷ್ಟೂ ಮಕ್ಕಳ ಕಲ್ಪನೆ ಹೆಚ್ಚು ಓಡುತ್ತದೆ ಎಂದು ಸೈಮನ್ ನಿಕೋಲ್ಸನ್ ಎಂಬ ಬ್ರಿಟಿಷ್ ಕಲಾವಿದ 1971ರಲ್ಲೇ ಬರೆದರು. ಅಂಗಡಿಯ ಆಟದ ಕಾರು ಕಾರೇ. ರಟ್ಟಿನ ಪೆಟ್ಟಿಗೆ ಬೆಳಿಗ್ಗೆ ಬಸ್ಸು, ಸಂಜೆಗೆ ದನದ ಕೊಟ್ಟಿಗೆ.

ಮಕ್ಕಳ ಕೈಗೆ ಕೊಡಲೇಬಾರದ ವಸ್ತುಗಳು ಯಾವುವು?

ಈ ಒಂದು ಉತ್ತರವನ್ನು ದಯವಿಟ್ಟು ನಿಧಾನವಾಗಿ ಓದಿ. ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಮೊದಲ ಅಪಾಯ ಬೆಳೆಗೆ ಹೊಡೆಯುವ ಔಷಧಿಯ ಡಬ್ಬ. ಕಾಫಿ, ಮೆಣಸು, ಶುಂಠಿ, ಆಲೂಗಡ್ಡೆಗೆ ಹೊಡೆದ ಕೀಟನಾಶಕ, ಶಿಲೀಂಧ್ರನಾಶಕ, ಕಳೆನಾಶಕದ ಬಾಟಲಿ ನೋಡಲು ಚೆಂದ, ಗಟ್ಟಿ, ಮುಚ್ಚಳವೂ ಬಿಗಿ. ಎಷ್ಟು ತೊಳೆದರೂ ಅದನ್ನು ಆಟಕ್ಕೆ ಕೊಡಬೇಡಿ. ಔಷಧಿಯ ಅಂಶ ಮುಚ್ಚಳದ ಸುರುಳಿಯಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಉಳಿದೇ ಇರುತ್ತದೆ. ಡಬ್ಬ ಖಾಲಿಯಾದ ಕೂಡಲೇ ದೊಡ್ಡವರು ಮೂರು ಸಲ ಗಲಬರಿಸಿ, ಆ ನೀರನ್ನು ಸ್ಪ್ರೇಯರ್ ಟ್ಯಾಂಕಿಗೇ ಸುರಿದು, ಡಬ್ಬಕ್ಕೆ ತೂತು ಹೊಡೆದುಬಿಡಬೇಕು. ಆಗ ಯಾರೂ ಅದನ್ನು ಮತ್ತೆ ಬಳಸುವುದಿಲ್ಲ. ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ ಮತ್ತು ಸುಣ್ಣದ ಚೀಲ, ಗೊಬ್ಬರದ ಚೀಲ, ಸಿಮೆಂಟ್ ಚೀಲವೂ ಬೇಡ. ಸುಣ್ಣ ಕಣ್ಣಿಗೆ ಬಿದ್ದರೆ ಕಣ್ಣೇ ಸುಡುತ್ತದೆ.

ಎರಡನೆಯದು ಬಟನ್ ಸೆಲ್. ಹಳೇ ರಿಮೋಟ್, ಹಾಡು ಬರುವ ಗ್ರೀಟಿಂಗ್ ಕಾರ್ಡ್, ಮಿಣುಕುವ ಜಾತ್ರೆ ಆಟಿಕೆಗಳಲ್ಲಿ ಇರುತ್ತದೆ. ನುಂಗಿದ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯೊಳಗೆ ಒಳಗಿನ ಚರ್ಮ ತೀವ್ರವಾಗಿ ಸುಟ್ಟುಹೋಗಬಹುದು. ಅನುಮಾನ ಬಂದರೂ ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಿ.

ಟ್ಯೂಬ್‌ಲೈಟ್, ಸಿಎಫ್‌ಎಲ್ ಬಲ್ಬುಗಳಲ್ಲಿ ಪಾದರಸವಿದೆ. ಸಿರಿಂಜ್, ಗಾಜಿನ ಸೀಸೆ, ಕತ್ತರಿಸಿದ ಟಿನ್ನಿನ ಅಂಚು, ಒಡೆದ ಬಲೂನು, ಎಟಿಎಂ ರಸೀದಿ ಇವೂ ಬೇಡ.

ಚಿಕ್ಕ ಮಗು ಎಲ್ಲವನ್ನೂ ಬಾಯಿಗೆ ಹಾಕುತ್ತದೆ. ಯಾವ ಅಳತೆಯದು ಸುರಕ್ಷಿತ?

ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷಿಸುವವರ ಹತ್ತಿರ 31.7 ಮಿಲಿಮೀಟರ್ ಅಗಲದ ಒಂದು ಪುಟ್ಟ ಕೊಳವೆ ಇರುತ್ತದೆ. ಅದರೊಳಗೆ ಪೂರ್ತಿ ಇಳಿಯುವ ಯಾವ ತುಂಡೂ ಆ ವಯಸ್ಸಿಗೆ ಅಪಾಯ. ಮನೆಯಲ್ಲಿ ಅಂದಾಜಿಗೆ ಹತ್ತು ರೂಪಾಯಿ ನಾಣ್ಯ ನೋಡಿ. ಅದರ ಅಗಲ 27 ಮಿಲಿಮೀಟರ್. ಅದಕ್ಕಿಂತ ಅರ್ಧ ಬೆರಳು ದೊಡ್ಡದಿದ್ದರೂ ಕೊಡುವ ಮುಂಚೆ ಯೋಚಿಸಿ. ಸಾಮಾನ್ಯ ನೀರಿನ ಬಾಟಲಿಯ ಮುಚ್ಚಳವೂ ಆ ಕೊಳವೆಯಲ್ಲಿ ಇಳಿದುಬಿಡುತ್ತದೆ ಎಂದರೆ ಬಹಳ ಜನ ನಂಬುವುದಿಲ್ಲ. ಕಾಫಿ ಬೀಜ, ಹುಣಸೆ ಬೀಜ, ಗುಲಗಂಜಿ ದೂರವಿರಲಿ. ಗುಲಗಂಜಿಯಂತೂ ವಿಷ, ಯಾವ ವಯಸ್ಸಿನ ಮಕ್ಕಳಿಗೂ ಬೇಡ.

ಮೊದಲು ನಾವೊಂದು ಮಾದರಿ ಮಾಡಿ ತೋರಿಸಬೇಕೇ?

ಬೇಡ. ನಾವು ಈ ಕೆಲಸದಲ್ಲಿ ಹಟ ಹಿಡಿಯುವುದು ಇದೊಂದಕ್ಕೇ.

ದೊಡ್ಡವರು ನೀಟಾಗಿ ಮಾಡಿದ ಆನೆಯನ್ನು ಮುಂದಿಟ್ಟ ಕ್ಷಣ ಮಗುವಿನ ಕಣ್ಣು ಅದರ ಮೇಲೇ. ತನ್ನದು ಹಾಗಾಗಲಿಲ್ಲ ಎಂದು ಗೊತ್ತಾಗಲು ಅದಕ್ಕೆ ಯಾರೂ ಹೇಳಬೇಕಿಲ್ಲ. ಆಮೇಲೆ "ನೀವೇ ಮಾಡಿಕೊಡಿ ಮಿಸ್" ಶುರುವಾಗುತ್ತದೆ. ಅಂಟು ಹಚ್ಚುವುದು ಹೇಗೆ, ತೂತು ಎಲ್ಲಿ ಹೊಡೆದರೆ ಹರಿಯುವುದಿಲ್ಲ, ಗಂಟು ಹೇಗೆ ಹಾಕುವುದು ಇವನ್ನು ಖಂಡಿತ ತೋರಿಸಿ. ಏನು ಮಾಡಬೇಕು ಎಂಬುದನ್ನು ಮಗುವಿಗೆ ಬಿಡಿ.

ಕಾಫಿ ಎಸ್ಟೇಟಿನ ಕೂಲಿಕಾರರ ಲೈನ್ ಮನೆಯಿಂದ ಬಂದ ನಾಲ್ಕು ವರ್ಷದ ಹುಡುಗಿಯೊಬ್ಬಳು ರಟ್ಟಿನ ಮುಚ್ಚಳವನ್ನು ನೆಲಕ್ಕಿಟ್ಟು, ಅದರ ಮೇಲೆ ಕಾಫಿ ಸಿಪ್ಪೆ ಸುರಿದಳು. ಐಸ್‌ಕ್ರೀಮ್ ಕಡ್ಡಿ ಹಿಡಿದು ಸಿಪ್ಪೆಯನ್ನು ಎಳೆದೆಳೆದು ಸಾಲು ಮಾಡಿದಳು, ಮತ್ತೆ ಕೆದರಿದಳು, ಮತ್ತೆ ಸಾಲು ಮಾಡಿದಳು. ಏನಿದು ಎಂದು ಯಾರೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ "ಮಳೆ ಮಳೆ" ಎನ್ನುತ್ತಾ ಎದ್ದು, ಹಾಲಿನ ಪ್ಯಾಕೆಟ್ ಬಿಡಿಸಿ ಅದರ ಮೇಲೆ ಹೊದಿಸಿ, ನಾಲ್ಕು ಮೂಲೆಗೂ ಕಲ್ಲು ಹೇರಿದಳು. ಕಾಫಿ ಒಣಗಿಸುವ ಕಣ, ಅದರ ಮೇಲೆ ಟಾರ್ಪಾಲು. ನಾವು ಮಾದರಿ ಕೊಟ್ಟಿದ್ದರೆ ಅವಳು ಅವತ್ತು ಚಿಟ್ಟೆ ಮಾಡಿರುತ್ತಿದ್ದಳು.

"ಇದೇನು?" ಎಂಬ ಪ್ರಶ್ನೆಗಿಂತ "ಇದರ ಬಗ್ಗೆ ಹೇಳ್ತೀಯಾ?" ಒಳ್ಳೆಯದು. ಕೆಲವು ಸಲ ಅದು ಏನೂ ಆಗಿರುವುದಿಲ್ಲ, ಬರೀ ಅಂಟಿನ ಜಾರಿಕೆ ನೋಡುವ ಸಂತೋಷ. ಅದಕ್ಕೂ ಜಾಗ ಕೊಡಿ.

ಯಾವ ಅಂಟು ಒಳ್ಳೆಯದು?

ಕಾಗದ, ಎಲೆ, ಬಟ್ಟೆಗೆ ಮನೆಯ ಮೈದಾ ಅಂಟೇ ಸಾಕು. ಒಂದು ಲೋಟ ಮೈದಾವನ್ನು ಒಂದು ಲೋಟ ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ಮೂರು ಲೋಟ ನೀರಿಗೆ ಸುರಿದು, ಸಣ್ಣ ಉರಿಯಲ್ಲಿ ತಿರುವುತ್ತಾ ಇರಿ. ಬಿಳಿ ಹೋಗಿ ಹೊಳಪು ಬಂದಾಗ ಇಳಿಸಿ. ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಇರುತ್ತದೆ. ಹಿಂದೆ ಪೋಸ್ಟರ್ ಅಂಟಿಸುವವರು ಹುಳ ಬರದಿರಲೆಂದು ಇದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ; ಮಕ್ಕಳ ಅಂಟಿಗೆ ಚಿಟಿಕೆಯಷ್ಟೂ ಬೇಡ. ದಿನಾ ಸ್ವಲ್ಪ ಸ್ವಲ್ಪವೇ ಕಾಯಿಸಿಕೊಳ್ಳಿ.

ರಟ್ಟಿಗೆ ರಟ್ಟು ಕೂಡಿಸಲು ಫೆವಿಕಾಲ್ ಬೇಕಾಗುತ್ತದೆ. ಅದು ಒಣಗುವ ತನಕ ಬಟ್ಟೆ ಕ್ಲಿಪ್ಪು ಹಾಕಿಡಿ. ಫೆವಿಕ್ವಿಕ್‌ನಂಥ ಕ್ಷಣದಲ್ಲಿ ಹಿಡಿಯುವ ಅಂಟು ಮಕ್ಕಳಿರುವ ಕೋಣೆಗೇ ಬರಬಾರದು. ಗ್ಲೂ ಗನ್ ದೊಡ್ಡವರ ಕೈಯಲ್ಲೇ ಇರಲಿ. ಸೆಲ್ಲೋ ಟೇಪಿಗಿಂತ ಕಾಗದದ ಮಾಸ್ಕಿಂಗ್ ಟೇಪ್ ಮಕ್ಕಳಿಗೆ ಸುಲಭ: ಕೈಯಲ್ಲೇ ಹರಿಯುತ್ತದೆ, ಅದರ ಮೇಲೆ ಬಣ್ಣವೂ ಕೂರುತ್ತದೆ.

ಬಣ್ಣವನ್ನೂ ಮನೆಯಲ್ಲೇ ಮಾಡಬಹುದೇ?

ಮಾಡಬಹುದು, ಮತ್ತು ಮಕ್ಕಳಿಗೆ ಇದರಷ್ಟು ಖುಷಿ ಕೊಡುವುದು ಇನ್ನೊಂದಿಲ್ಲ. ಫಿಲ್ಟರಿನಲ್ಲಿ ಉಳಿದ ಕಾಫಿ ಚರಟವನ್ನು ಸ್ವಲ್ಪ ನೀರಲ್ಲಿ ಕುದಿಸಿದರೆ ತಿಳಿ ಕಂದು. ಇನ್ನಷ್ಟು ಬತ್ತಿಸಿದರೆ ಕಡು ಕಂದು. ಚರಟವನ್ನೇ ಅಂಟಿಗೆ ಬೆರೆಸಿ ಬಳಿದರೆ ಮಣ್ಣಿನ ಗೋಡೆಯಂತೆ ಒರಟು. ಬೀಟ್‌ರೂಟ್ ಗುಲಾಬಿ, ಪಾಲಕ್ ಹಸಿರು. ಇವೆಲ್ಲ ಬಿಸಿಲಿಗೆ ಬೇಗ ಮಾಸುತ್ತವೆ, ಪರವಾಗಿಲ್ಲ.

ಅರಿಶಿನದ ಆಟವನ್ನು ಬಿಡಬೇಡಿ. ಕಾಗದಕ್ಕೆ ಅರಿಶಿನದ ನೀರು ಬಳಿದು ಒಣಗಿಸಿ. ಮಗು ಸೋಪಿನ ನೀರಲ್ಲಿ ಬೆರಳದ್ದಿ ಅದರ ಮೇಲೆ ಗೀಚಿದರೆ ಹಳದಿ ಇದ್ದಲ್ಲಿ ಕೆಂಪು ಏಳುತ್ತದೆ. ಕ್ಷಾರ ತಾಗಿದಾಗ ಅರಿಶಿನದ ಬಣ್ಣ ಬದಲಾಗುವುದೇ ಇದರ ಗುಟ್ಟು; ನಮ್ಮ ಓಕುಳಿ ನೀರಿನದೂ ಅದೇ. ಓಕುಳಿಗೆ ಸುಣ್ಣ ಹಾಕುತ್ತೇವೆ, ಮಕ್ಕಳಿಗೆ ಸೋಪು ಅಥವಾ ಅಡುಗೆ ಸೋಡಾ ಸಾಕು. ಅದೇ ಕಾಗದಕ್ಕೆ ಆಮೇಲೆ ನಿಂಬೆರಸ ಹಚ್ಚಿಸಿ, ಹಳದಿ ವಾಪಸ್ ಬರುತ್ತದೆ.

ಅಚ್ಚಿಗೆ ಮೊಳಕೆ ಬಂದ ಆಲೂಗಡ್ಡೆ, ಬಲಿತ ಬೆಂಡೆಕಾಯಿ ತೆಗೆದಿಡಿ. ತಿನ್ನುವ ಕಾಯಿಯನ್ನು ಇದಕ್ಕೆ ಕತ್ತರಿಸುವುದು ನಮಗೆ ಇಷ್ಟವಿಲ್ಲ.

ಗಾಡಿ ಮಾಡುತ್ತಾರೆ, ಆದರೆ ಚಕ್ರ ಉರುಳುವುದೇ ಇಲ್ಲ. ಯಾಕೆ?

ಚಕ್ರವನ್ನು ನೇರವಾಗಿ ಪೆಟ್ಟಿಗೆಗೆ ಅಂಟಿಸಿರುತ್ತಾರೆ. ಅಚ್ಚುಗೋಲು ತಿರುಗಬೇಕು, ಅದು ಕೂರುವ ಕೊಳವೆ ಅಲ್ಲಾಡಬಾರದು. ಬರೆದು ಖಾಲಿಯಾದ ಬಾಲ್‌ಪೆನ್ನಿನ ಹೊರಕೊಳವೆಗಳನ್ನು ಪೆಟ್ಟಿಗೆಯ ಅಡಿಗೆ ಅಡ್ಡಲಾಗಿ ಟೇಪ್ ಹಾಕಿ. ಅದರೊಳಗೆ ಸಡಿಲವಾಗಿ ಓಡಾಡುವ ಬಿದಿರು ಕಡ್ಡಿ ತೂರಿಸಿ, ಎರಡೂ ತುದಿಗೆ ಚಕ್ರವನ್ನು ಬಿಗಿಯಾಗಿ ಸಿಕ್ಕಿಸಿ. ಎರಡು ಕೊಳವೆಗಳೂ ಒಂದಕ್ಕೊಂದು ಸಮಾನಾಂತರವಾಗಿರಲಿ, ಇಲ್ಲದಿದ್ದರೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ.

ಚಕ್ರಕ್ಕೆ ಸವೆದ ಹವಾಯಿ ಚಪ್ಪಲಿಗಿಂತ ಒಳ್ಳೆಯದು ಬೇರಿಲ್ಲ. ನಮ್ಮ ಹಳ್ಳಿ ಮಕ್ಕಳು ತಲೆಮಾರುಗಳಿಂದ ಇದರಲ್ಲೇ ಗಾಡಿ ಕಟ್ಟಿದ್ದಾರೆ. ಮೆದುವಾದ ರಬ್ಬರು, ನೆಲ ಹಿಡಿಯುತ್ತದೆ, ಕಡ್ಡಿ ಚುಚ್ಚಿದರೆ ಬಿಗಿಯಾಗಿ ಕೂರುತ್ತದೆ. ಲೋಟದ ಬಾಯಿ ಇಟ್ಟು ಗುಂಡಗೆ ಗೆರೆ ಹಾಕುವುದು ಮಗುವಿನ ಕೆಲಸ, ಕೊಯ್ಯುವುದು ದೊಡ್ಡವರದು.

ಗಾಡಿ ಉರುಳಿದ ಮೇಲೆ ಅದರ ಮೇಲೆ ತೇರು ಏಳಲಿ. ಬೇಲೂರಿನ ಚೆನ್ನಕೇಶವನ ರಥೋತ್ಸವ ನೋಡಿ ಬಂದ ವಾರ ಪ್ರತಿ ಮಗುವೂ ತೇರೇ ಕಟ್ಟುತ್ತದೆ. ಕೆಳಗೆ ಚಪ್ಪಲಿ ಡಬ್ಬ, ಮೇಲೆ ಸ್ವೀಟ್ ಬಾಕ್ಸ್, ಅದರ ಮೇಲೆ ಸೋಪಿನ ಡಬ್ಬ, ಸುತ್ತಲೂ ಟೈಲರ್ ಅಂಗಡಿ ಚಿಂದಿಯ ಬಾವುಟ. ಎತ್ತರ ಹೆಚ್ಚಾಗಿ ಎಳೆಯುವಾಗ ಪಲ್ಟಿ ಹೊಡೆದರೆ ಬೇಗ ಹೋಗಿ ಹಿಡಿಯಬೇಡಿ. ಕೆಳಗಿನ ಡಬ್ಬಕ್ಕೆ ಕಲ್ಲು ತುಂಬಬೇಕೆಂದು ಅವರಿಗೇ ಹೊಳೆಯುತ್ತದೆ.

ರಟ್ಟಿನ ಮನೆ ಕುಸಿಯುತ್ತದೆ. ಗಟ್ಟಿ ಮಾಡುವುದು ಹೇಗೆ?

ರಟ್ಟಿನ ಅಂಚನ್ನು ಹತ್ತಿರದಿಂದ ನೋಡಿ. ಎರಡು ಹಾಳೆಗಳ ನಡುವೆ ಅಲೆಅಲೆಯಾದ ಕಾಗದವಿದೆ. ಆ ಅಲೆಗಳ ಕೊಳವೆ ಮೇಲಿಂದ ಕೆಳಕ್ಕೆ ನಿಂತಿದ್ದರೆ ಗೋಡೆ ಭಾರ ಹೊರುತ್ತದೆ. ಅಡ್ಡಡ್ಡ ಮಲಗಿದ್ದರೆ ಮಡಚಿಕೊಳ್ಳುತ್ತದೆ. ಆರು ವರ್ಷದ ಮಕ್ಕಳಿಗೆ ಇದನ್ನು ಬಾಯಲ್ಲಿ ಹೇಳದೆ ಎರಡು ತುಂಡು ಕೊಟ್ಟು ಒತ್ತಿ ನೋಡಲು ಬಿಡಿ.

ಇನ್ನೊಂದು ಉಪಾಯ ತ್ರಿಕೋನ. ನ್ಯೂಸ್ ಪೇಪರನ್ನು ಮೂಲೆಯಿಂದ ಬಿಗಿಯಾಗಿ ಸುತ್ತಿ ಕೋಲು ಮಾಡಿ ನಾಲ್ಕನ್ನು ಚೌಕಕ್ಕೆ ಕಟ್ಟಿದರೆ ವಾಲಾಡುತ್ತದೆ. ಮೂಲೆಯಿಂದ ಮೂಲೆಗೆ ಐದನೆಯ ಕೋಲು ಕಟ್ಟಿದ ಕೂಡಲೇ ನೆಟ್ಟಗೆ ನಿಲ್ಲುತ್ತದೆ. ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಲ್ಲಿ ಇದೇ ತತ್ವವನ್ನು ದೇಶದ ಉದ್ದಗಲಕ್ಕೂ ಮಕ್ಕಳಿಗೆ ತೋರಿಸಿದವರು ಅರವಿಂದ ಗುಪ್ತಾ. ಬಿಸಾಡಿದ ವಸ್ತುಗಳಿಂದ ವಿಜ್ಞಾನದ ಆಟಿಕೆ ಮಾಡುವುದರಲ್ಲೇ ಬದುಕು ಕಳೆದ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಬೆಂಕಿಕಡ್ಡಿ ಬಳಸುವುದಾದರೆ ಮದ್ದಿನ ತುದಿ ಮೊದಲೇ ಕೆರೆದು ತೆಗೆಯಿರಿ.

ನಮ್ಮೂರಿನ ಸಂಗತಿಗಳನ್ನೇ ಇಟ್ಟುಕೊಂಡು ಏನು ಮಾಡಬಹುದು?

ಹೊಯ್ಸಳ ಗುಡಿಯ ನಕ್ಷತ್ರದ ಜಗತಿ, ಅಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆ, ಮಾಡಿ. ಒಂದೇ ಅಳತೆಯ ನಾಲ್ಕು ಚೌಕ ರಟ್ಟು ತೆಗೆದುಕೊಂಡು, ಸರಿಯಾಗಿ ನಡುವೆ ತೂತು ಹೊಡೆದು, ಒಂದು ಕಡ್ಡಿಗೆ ಪೋಣಿಸಿ. ಎಲ್ಲವನ್ನೂ ಸಮನಾಗಿ ಸ್ವಲ್ಪ ಸ್ವಲ್ಪ ತಿರುಗಿಸಿದರೆ ಹದಿನಾರು ಮೂಲೆಯ ನಕ್ಷತ್ರ ಬಿಚ್ಚಿಕೊಳ್ಳುತ್ತದೆ. ಹೊಯ್ಸಳರ ನಕ್ಷತ್ರಾಕಾರದ ತಳವಿನ್ಯಾಸದ ಹಿಂದೆ ಇರುವುದೂ ತಿರುಗಿದ ಚೌಕವೇ. ಬೇಲೂರು, ಹಳೇಬೀಡು, ಸೋಮನಾಥಪುರ ಗುಡಿಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಜಗತಿಯ ಅಂಚು ಹಿಡಿದು ಸುತ್ತು ಬರಲು ಹೇಳಿ. ಗೋಡೆಯ ಕೆಳಸಾಲಿನ ಆನೆಗಳು ಮಕ್ಕಳ ಕಣ್ಣಿನ ಮಟ್ಟಕ್ಕೇ ಇವೆ. ಮನೆಗೆ ಬಂದು ಆಲೂಗಡ್ಡೆ ಅಚ್ಚಿನಲ್ಲಿ ಆನೆ ಸಾಲು ಒತ್ತಬಹುದು.

ಮೂಲೆ ಮೂಲೆಯ ಇನ್ನೊಂದು ಕಟ್ಟಡ ಸಕಲೇಶಪುರದ ಮಂಜರಾಬಾದ್ ಕೋಟೆ, ಎಂಟು ಮೂಲೆಯದು. ಹಾಸನದಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವೂ ಇದೆ. ಬಿಸ್ಕೆಟ್ ಪ್ಯಾಕೆಟ್ಟಿನ ಹೊಳೆಯುವ ಒಳಭಾಗ ಮತ್ತು ತೆಂಗಿನ ಕರಟ ಇದ್ದರೆ ಡಿಶ್ ಆಂಟೆನಾ ಆಗಿಹೋಯಿತು.

ಮಳೆಗಾಲದಲ್ಲಿ ಏನೂ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಏನು ಮಾಡುವುದು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಕಾಗದ ನೆನೆಸಿ ರುಬ್ಬಿದ ಹಿಟ್ಟಿನ ಕೆಲಸ, ಮೈದಾ ಅಂಟಿನ ಕೆಲಸ ಬಿಟ್ಟುಬಿಡಿ. ಅಂಟಿಲ್ಲದೆ ಕೂಡಿಸುವುದನ್ನು ಹಿಡಿಯಿರಿ: ರಟ್ಟಿಗೆ ಸೀಳು ಹಾಕಿ ಒಂದರೊಳಗೊಂದು ಸಿಕ್ಕಿಸುವುದು, ಗೋಣಿ ದಾರದಲ್ಲಿ ಕಟ್ಟುವುದು, ಚಿಂದಿ ಬಟ್ಟೆಯನ್ನು ಜಡೆ ಹೆಣೆಯುವುದು, ಕರಟದಲ್ಲಿ ತಾಳ ಹಾಕುವುದು. ಬೂಷ್ಟು ಕಂಡ ವಸ್ತುವನ್ನು ಒರೆಸಿ ಉಳಿಸಿಕೊಳ್ಳಲು ನೋಡಬೇಡಿ, ಅದರಲ್ಲೂ ಉಬ್ಬಸವಿರುವ ಮಕ್ಕಳಿದ್ದರೆ.

ಅಂಗಳದಲ್ಲಿಟ್ಟ ಟಯರು, ಕರಟ, ಬಾಟಲಿ ಕುಂಡಗಳಲ್ಲಿ ನೀರು ನಿಲ್ಲಬಾರದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ತಿಳಿನೀರಲ್ಲೇ ಮೊಟ್ಟೆಯಿಟ್ಟು ವಾರ ಹತ್ತು ದಿನದಲ್ಲಿ ಹಾರುತ್ತದೆ. ಅಡಿಗೆ ತೂತು ಹೊಡೆಯಿರಿ, ಇಲ್ಲವೇ ಕವುಚಿಡಿ.

"ಕಸವನ್ನೆಲ್ಲ ಮನೆಯೊಳಗೆ ತುಂಬಬೇಡ" ಎಂದು ನಮ್ಮ ಅತ್ತೆ ಬೈಯುತ್ತಾರೆ.

ಅವರ ಮಾತಲ್ಲಿ ಅರ್ಧ ಸರಿ. ಒಂದು ಬುಟ್ಟಿ, ಅದು ತುಂಬಿದರೆ ಹೊಸತು ಬರಬಾರದು ಎಂಬ ನಿಯಮ ಇರಲಿ. ತೊಳೆಯದ್ದು ಒಳಗೆ ಬರಬಾರದು. ಉಳಿದರ್ಧಕ್ಕೆ ಅವರನ್ನೇ ಕೂರಿಸಿ. ಹಳೇ ಬಿದಿರು ಮೊರ, ಬುಟ್ಟಿಗಳ ಸಂದು ಮುಚ್ಚಲು ಕಾಗದ ಮತ್ತು ಮೆಂತ್ಯ ನೆನೆಸಿ ರುಬ್ಬಿ ಬಳಿಯುತ್ತಿದ್ದ ಕೈ ಅವರದ್ದೇ ಇರಬಹುದು. ಮೆಂತ್ಯದ ಲೋಳೆ ಕಾಗದವನ್ನು ಹಿಡಿದಿಡುತ್ತದೆ. ಆ ಹದ ಎಷ್ಟು ಎಂದು ಮೊಮ್ಮಕ್ಕಳಿಗೆ ತೋರಿಸಲು ಅಜ್ಜಿಗಿಂತ ಬೇರೆ ಗುರು ಯಾಕೆ?

ಶಾಲೆಯಲ್ಲಿ ಥರ್ಮಾಕೋಲ್ ಮಾಡೆಲ್ಲೇ ತರಬೇಕು ಎನ್ನುತ್ತಾರೆ.

ಮಿಸ್ ಹತ್ತಿರ ಮಾತಾಡಿ. ಅಲಂಕಾರದ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾದ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿದೆ. ಕೊಯ್ದಾಗ ಉದುರುವ ಬಿಳಿ ಕಾಳು ಚರಂಡಿ, ಕೆರೆ ಸೇರಿದರೆ ತೆಗೆಯಲಾಗುವುದಿಲ್ಲ, ಕಾದ ತಂತಿಯಲ್ಲಿ ಕೊಯ್ದರೆ ಬರುವ ಹೊಗೆ ಕೆಟ್ಟದ್ದು. ರಾತ್ರಿ ಹನ್ನೊಂದರವರೆಗೆ ಕೂತು ಅಪ್ಪ ಅಮ್ಮ ಮಾಡಿದ ಮಾಡೆಲ್ಲಿಗೆ ಮಗುವಿಗೆ ಬಹುಮಾನ ಬರುವುದು ನಮಗೆ ನಿಜಕ್ಕೂ ನೋವಿನ ವಿಷಯ. ಮಗು ಕಟ್ಟಿದ ಸೊಟ್ಟ ರಟ್ಟಿನ ಮನೆಯನ್ನು ಹಾಗೆಯೇ ಕಳಿಸುವ ಧೈರ್ಯವನ್ನು ನಾಲ್ಕು ಮನೆಯವರು ಒಟ್ಟಿಗೆ ಮಾಡಿದರೆ ಶಾಲೆಯೂ ಕೇಳುತ್ತದೆ.

ಕತ್ತರಿ ಯಾವಾಗ ಕೊಡಬಹುದು?

ಮೊಂಡು ತುದಿಯದು, ಮೂರೂವರೆ ನಾಲ್ಕಕ್ಕೆ, ಪಕ್ಕದಲ್ಲಿ ಕೂತು. ಮೊದಲು ಹುಲ್ಲು, ಎಲೆ, ಆಮೇಲೆ ಕಾಗದದ ಪಟ್ಟಿ. ರಟ್ಟು ಕತ್ತರಿಸಲು ಪುಟ್ಟ ಕೈಗೆ ಶಕ್ತಿ ಸಾಲದು. ಎಡಗೈ ಮಗುವನ್ನು ಬಲಗೈಗೆ ತಿದ್ದಬೇಡಿ. ಎಡಗೈ ಕತ್ತರಿಯೇ ಬೇರೆ ಸಿಗುತ್ತದೆ.

ಬಡಮಕ್ಕಳಿಗೆ ಕಸ ಕೊಟ್ಟು ಆಟವಾಡಿ ಎಂದ ಹಾಗಾಗುವುದಿಲ್ಲವೇ?

ಕೊಡುವ ರೀತಿಯ ಮೇಲಿದೆ. ಮುರಿದ ಆಟಿಕೆ, ಗಲೀಜು ಡಬ್ಬ ತಂದು ಅಂಗನವಾಡಿಗೆ ಸುರಿಯುವುದು ಅವಮಾನವೇ. ತೊಳೆದು, ಒಣಗಿಸಿ, ಬಗೆಬಗೆಯಾಗಿ ಬುಟ್ಟಿಯಲ್ಲಿ ಜೋಡಿಸಿ, ಜೊತೆಗೆ ಒಳ್ಳೆಯ ಅಂಟು, ಹೊಸ ಕತ್ತರಿ, ಒಳ್ಳೆಯ ಬ್ರಷ್ ಕೊಡಿ. ವಸ್ತು ಹಳೆಯದಿರಲಿ, ಹತಾರ ಹೊಸದಿರಲಿ. ಚಂಡೀಗಢದಲ್ಲಿ ನೇಕ್ ಚಂದ್ ಒಡೆದ ಬಳೆ, ಪಿಂಗಾಣಿ ಚೂರು, ಕಟ್ಟಡಗಳ ಅವಶೇಷದಿಂದ ಕಟ್ಟಿದ ರಾಕ್ ಗಾರ್ಡನ್ 1976ರಿಂದ ಜನರಿಗೆ ತೆರೆದಿದೆ, ಅದನ್ನು ಈಗಲೂ ಟಿಕೆಟ್ ಕೊಟ್ಟು ನೋಡುತ್ತಾರೆ. ಆ ಫೋಟೋಗಳನ್ನು ಮಕ್ಕಳಿಗೆ ತೋರಿಸಿ.

ಮಗು ಹತ್ತು ನಿಮಿಷಕ್ಕೇ ಎದ್ದು ಹೋಗುತ್ತದೆ.

ಮೂರು ವರ್ಷದ ಮಗುವಿಗೆ ಹತ್ತು ನಿಮಿಷ ಚೆನ್ನಾಗೇ ಆಯಿತು. ಬುಟ್ಟಿಯನ್ನು ಎತ್ತಿಡಬೇಡಿ, ಮತ್ತೆ ಬರುತ್ತದೆ. ಬುಟ್ಟಿಯಲ್ಲಿ ಸಾಮಾನು ವಿಪರೀತ ಇದ್ದರೂ ಮಕ್ಕಳು ಗೊಂದಲವಾಗಿ ಎದ್ದುಬಿಡುತ್ತಾರೆ. ನಾಲ್ಕು ಬಗೆಗಿಂತ ಹೆಚ್ಚು ಇಡಬೇಡಿ.

ಮಾಡಿದ್ದೆಲ್ಲ ಮನೆ ತುಂಬಿದೆ. ಬಿಸಾಡಬಹುದೇ?

ಮಗುವನ್ನು ಕೇಳದೆ ಬೇಡ. ಒಂದು ಶೆಲ್ಫ್ ಅಥವಾ ಕಿಟಕಿ ಕಟ್ಟೆ ಅದರ ಪಾಲಿಗಿರಲಿ. ಹೊಸದು ಬಂದಾಗ ಯಾವುದನ್ನು ಇಳಿಸುವುದೆಂದು ಅದೇ ಹೇಳಲಿ. ಫೋಟೋ ತೆಗೆದು, ಒಟ್ಟಿಗೆ ಕೂತು ಬಿಚ್ಚಿ. ಬಿಚ್ಚುವುದೂ ಮಕ್ಕಳಿಗೆ ಕಟ್ಟಿದಷ್ಟೇ ಇಷ್ಟ. ಚಕ್ರ, ಕಡ್ಡಿ, ಕೊಳವೆ ಮತ್ತೆ ಬುಟ್ಟಿಗೆ. ಎಲೆ, ನಾರು, ಸಿಪ್ಪೆ ಗೊಬ್ಬರದ ಗುಂಡಿಗೆ. ರಟ್ಟಿನಿಂದ ಟೇಪು, ಪ್ಲಾಸ್ಟಿಕ್ ಕಿತ್ತು ಚಪ್ಪಟೆ ಮಾಡಿ ಗುಜರಿಗೆ ಹಾಕಿ. ಫೆವಿಕಾಲ್, ಬಣ್ಣ ದಪ್ಪಗೆ ಮೆತ್ತಿದ ರಟ್ಟನ್ನು ಗುಜರಿಯವರು ತೆಗೆದುಕೊಳ್ಳುವುದಿಲ್ಲ, ಅದು ಒಣಕಸಕ್ಕೆ. ಯಾವುದನ್ನೂ ಒಲೆಗೆ, ಹಂಡೆಯ ಉರಿಗೆ ಹಾಕಬೇಡಿ. ಟೇಪು, ಬಣ್ಣ, ಹಾಲಿನ ಪ್ಯಾಕೆಟ್ ಸುಟ್ಟ ಹೊಗೆ ಸ್ನಾನದ ಮನೆಯಲ್ಲಿರುವ ಮಗುವಿನ ಮೂಗಿಗೇ ಹೋಗುತ್ತದೆ.